ನಗಿಸಿ, ಆದರೆ ದ್ರೌಪದಿಯ ಸೆರಗು ಬಿಡಿ: ಟಿವಿ ಹಾಸ್ಯ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಕನ್ನಡ ವಾಹಿನಿಗಳಲ್ಲಿ ಹಾಸ್ಯ ಕಾರ್ಯಕ್ರಮ ಬರೆಯುವವರಿಗೆ, ನಿರ್ದೇಶನ ಮಾಡುವವರಿಗೆ, ಪಾತ್ರ ಮಾಡುವ ಕಲಾವಿದರಿಗೆ,

ಬೆಂಗಳೂರಿನಿಂದ ನಿಮ್ಮದೇ ಕಸುಬಿನ ಒಬ್ಬಳ ನಮಸ್ಕಾರ.

ನಾನು ಪೌರಾಣಿಕ ನಾಟಕಗಳಲ್ಲಿ ಸ್ತ್ರೀ ಪಾತ್ರ ಮಾಡುವವಳು. ಬೆಂಗಳೂರು, ರಾಮನಗರ, ತುಮಕೂರು, ಮಂಡ್ಯದ ಕಡೆ ಊರಿನವರೇ ಸೇರಿಕೊಂಡು ಕುರುಕ್ಷೇತ್ರ ಆಡುತ್ತಾರಲ್ಲ, ಆ ನಾಟಕಗಳಿಗೆ ದ್ರೌಪದಿ, ಕುಂತಿ, ರುಕ್ಮಿಣಿ ಬೇಕಾದಾಗ ನಮ್ಮಂಥವರನ್ನು ಕರೆಸುತ್ತಾರೆ. ಕೃಷ್ಣ, ದುರ್ಯೋಧನ, ಭೀಮ ಎಲ್ಲ ಊರಿನವರೇ. ಬೇಸಾಯ ಮಾಡುವವರು, ಆಟೋ ಓಡಿಸುವವರು, ಕೆಲಸದಿಂದ ರಿಟೈರ್ ಆದವರು. ಪಾತ್ರಕ್ಕೆ ತಾವೇ ದುಡ್ಡು ಹಾಕಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದ, ಪದ್ಯ ಕಲಿತು, ಕೊನೆಗೆ ರವೀಂದ್ರ ಕಲಾಕ್ಷೇತ್ರದಲ್ಲೋ ಊರಿನ ಬಯಲಿನಲ್ಲೋ ಬಣ್ಣ ಹಚ್ಚುತ್ತಾರೆ. ಕಿರೀಟ, ಗದೆ, ಭುಜಕೀರ್ತಿ ಎಲ್ಲ ಬಾಡಿಗೆಯವು. ನಿಮ್ಮ ಸೆಟ್ಟಿಗೆ ಬರುವ ಕಿರೀಟಗಳೂ ಅಂಥವೇ ಬಾಡಿಗೆ ಅಂಗಡಿಗಳಿಂದ ಬರುತ್ತವೆ ಅಂತ ನನಗೆ ಗೊತ್ತು.

ಯಮ, ನಾರದ, ದ್ರೌಪದಿ, ರಾವಣ ಇವರನ್ನೆಲ್ಲ ಇಟ್ಟುಕೊಂಡು ನೀವು ಟಿವಿಯಲ್ಲಿ ಮಾಡುವ ಸ್ಕಿಟ್‌ಗಳನ್ನು ನೋಡುತ್ತಾ ಬಂದಿದ್ದೇನೆ. ದೇವರನ್ನು ಇಟ್ಟುಕೊಂಡು ನಗಿಸಲೇಬಾರದು ಅನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. ನಗಿಸಿ. ಆದರೆ ಕಥೆ ತಿಳಿದುಕೊಂಡು ನಗಿಸಿ. ನನ್ನ ಮಾತು ಇಷ್ಟೇ. ಯಾಕೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಈಚೆಗೆ ಒಂದು ವಾಹಿನಿಯಲ್ಲಿ ದ್ರೌಪದಿ ವಸ್ತ್ರಾಪಹರಣದ ಸ್ಕಿಟ್ ನೋಡಿದೆ. ಯಾವ ವಾಹಿನಿ ಅಂತ ಹೇಳುವುದಿಲ್ಲ, ಒಬ್ಬರ ಮೇಲೆ ಹೊರಿಸುವ ವಿಷಯ ಇದಲ್ಲ. ಧರ್ಮರಾಯ ಕೈಯಲ್ಲಿ ಮೊಬೈಲ್ ಹಿಡಿದು ಆನ್‌ಲೈನ್ ರಮ್ಮಿ ಆಡುತ್ತಾ ಬಂದ. 'ಇನ್ನೊಂದೇ ಒಂದು ಆಟ ಕಣ್ರೋ, ಹೋಗಿದ್ದೆಲ್ಲ ವಾಪಸ್ ಬರುತ್ತೆ' ಅಂತ ತಮ್ಮಂದಿರಿಗೆ ಹೇಳಿದ. ನಾನು ಮನಸಾರೆ ನಕ್ಕೆ. ಎಂಥ ಒಳ್ಳೆ ಹಾಸ್ಯ ಅದು! ಧರ್ಮರಾಯ ಅಷ್ಟು ದೊಡ್ಡವನಾದರೂ ಜೂಜಿನ ಮುಂದೆ ಸೋತವನು. ಆ ಕಥೆಯೇ ಅವನನ್ನು ಅಲ್ಲಿ ತಪ್ಪಿತಸ್ಥ ಅನ್ನುತ್ತೆ. ರಮ್ಮಿ ಆಡಿ ಸಾಲ ಮಾಡಿ ಮನೆ ಕಳೆದುಕೊಂಡವರು ನಮ್ಮ ಬೀದಿಗಳಲ್ಲೇ ಇದ್ದಾರೆ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸೋಕೆ 2025ರಲ್ಲಿ ಸಂಸತ್ತೇ ಕಾನೂನು ಮಾಡಬೇಕಾಯಿತು. ಧರ್ಮರಾಯನ ಕೈಗೆ ಆ ಮೊಬೈಲ್ ಕೊಟ್ಟವರು ಯಾರೋ, ಅವರಿಗೆ ಮಹಾಭಾರತ ಅರ್ಥ ಆಗಿದೆ.

ಆಮೇಲೆ ದ್ರೌಪದಿ ಬಂದಳು. ಸೀರೆ ಉಟ್ಟ ಗಂಡಸು, ಎದೆಗೆ ಏನೋ ತುರುಕಿಕೊಂಡಿದ್ದ. ದುಶ್ಶಾಸನ ಸೆರಗು ಎಳೆದ. ಸೀರೆ ಮುಗಿಯಲೇ ಇಲ್ಲ. ಒಂದೊಂದು ಸೀರೆ ಬಂದಾಗಲೂ ಹಿಂದಿನಿಂದ ಒಬ್ಬ ಅದರ ರೇಟ್ ಕೂಗುತ್ತಿದ್ದ. ಆಷಾಢ ಸೇಲ್ ಅಂದ. ದ್ರೌಪದಿ ಸುತ್ತುತ್ತಾ ಸುತ್ತುತ್ತಾ ಕುಣಿದಳು, ದುಶ್ಶಾಸನನಿಗೆ ಕಣ್ಣು ಹೊಡೆದಳು. ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಟಿವಿ ಮುಂದೆ ಕೂರೋಕೆ ಆಗಲಿಲ್ಲ.

ಗಂಡಸು ಸೀರೆ ಉಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ನಮ್ಮ ರಂಗಭೂಮಿಯಲ್ಲಿ, ಯಕ್ಷಗಾನದಲ್ಲಿ ಎಷ್ಟೋ ಗಂಡಸರು ಹೆಣ್ಣು ಪಾತ್ರಗಳನ್ನು ನಾವು ನಾಚುವ ಹಾಗೆ ಮಾಡಿದ್ದಾರೆ. ನನ್ನ ತಕರಾರು ಬೇರೆ. ಆ ದೃಶ್ಯ ಏನು ಅನ್ನೋದೇ ಬರೆದವರಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಅದನ್ನು ನಾವು ಹೇಗೆ ಆಡುತ್ತೇವೆ ಹೇಳುತ್ತೇನೆ ಕೇಳಿ. ಸೀರೆಗಳನ್ನು ಒಂದರ ತುದಿಗೆ ಒಂದು ಗಂಟು ಹಾಕಿ ಮೈಗೆ ಸುತ್ತಿಕೊಂಡಿರುತ್ತೇವೆ. ಗಂಟು ಜಾಸ್ತಿ ದಪ್ಪ ಆದರೆ ಸುತ್ತುವಾಗ ಕಾಲಿಗೆ ಸಿಕ್ಕುತ್ತೆ, ಸಡಿಲ ಆದರೆ ಮಧ್ಯದಲ್ಲೇ ಬಿಚ್ಚುತ್ತೆ. ಹಾಗಾಗಿ ಪ್ರತಿ ಗಂಟನ್ನೂ ಬಣ್ಣದ ಮನೆಯಲ್ಲಿ ನಾನೇ ಕೈಯಾರೆ ಹಾಕುತ್ತೇನೆ, ಬೇರೆಯವರಿಗೆ ಬಿಡೋದಿಲ್ಲ. ಎಲ್ಲಕ್ಕಿಂತ ಒಳಗಿನ ಸೀರೆಗೆ ಸುತ್ತ ಪಿನ್ನು. ಸ್ಟೇಜಿನ ಮೇಲೆ ಮೊದಲು ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡಿರುತ್ತೇನೆ. ಗಂಡಂದಿರ ಕಡೆ ನೋಡುತ್ತೇನೆ, ಭೀಷ್ಮನ ಕಡೆ ನೋಡುತ್ತೇನೆ, ದ್ರೋಣನ ಕಡೆ ನೋಡುತ್ತೇನೆ. ಆಮೇಲೆ ಒಂದು ಕೈ ಬಿಡುತ್ತೇನೆ. ಇನ್ನೊಂದು ಕೈಯೂ ಬಿಟ್ಟು, ಎರಡನ್ನೂ ಮೇಲೆತ್ತಿ 'ಕೃಷ್ಣಾ' ಅನ್ನುವ ಹೊತ್ತಿಗೆ ಹಾರ್ಮೋನಿಯಂ ನಿಂತಿರುತ್ತೆ. ಆ ಹೊತ್ತಲ್ಲಿ ಮುಂದೆ ಕೂತ ಹೆಂಗಸರು ತಮ್ಮ ಸೆರಗನ್ನು ತಾವೇ ಗಟ್ಟಿಯಾಗಿ ಹಿಡಿದುಕೊಳ್ಳೋದನ್ನು ನಾನು ಸ್ಟೇಜಿನಿಂದ ನೋಡಿದ್ದೇನೆ. ನಾಟಕ ಮುಗಿದ ಮೇಲೆ ವಯಸ್ಸಾದವರು ಬಂದು ಕೈ ಹಿಡಿದು, 'ನಮಗೂ ಕೊರಳು ಬಿಗಿದು ಬಂತು ಕಣವ್ವ' ಅನ್ನುತ್ತಾರೆ. ಕೆಲವರು ಅದಕ್ಕಿಂತ ಜಾಸ್ತಿ ಏನೋ ಹೇಳೋಕೆ ಬಂದು ಸುಮ್ಮನೆ ನಿಂತುಬಿಡುತ್ತಾರೆ. ಆ ಹೆಂಗಸರಿಗೆ ಅದು ಯಾವುದೋ ಕಾಲದ ಕಥೆ ಅಲ್ಲ. ಕುಡಿದು ಬಂದ ಗಂಡನ ಕಥೆ, ಬಸ್ಸಿನಲ್ಲಿ ಮೈ ಮುಟ್ಟಿದವನ ಕಥೆ, ಪಂಚಾಯ್ತಿ ಸೇರಿಸಿದರೂ ನ್ಯಾಯ ಹೇಳದೆ ತಲೆ ತಗ್ಗಿಸಿ ಕೂತ ಊರ ಹಿರಿಯರ ಕಥೆ.

ಅದೇ ಹೆಂಗಸರು ನಿಮ್ಮ ಕಾರ್ಯಕ್ರಮವನ್ನೂ ನೋಡುತ್ತಾರೆ. ಅವರ ಮುಂದೆ ಆ ಸೀರೆಯನ್ನು ಸೇಲ್‌ಗೆ ಇಟ್ಟಿರಿ.

ಆ ಸಭೆಯಲ್ಲಿ ನಗೋಕೆ ಏನೂ ಇಲ್ವಾ? ಬೇಕಾದಷ್ಟಿದೆ. ದ್ರೌಪದಿ ಅಲ್ಲಿ ಬರೀ ಅಳಲಿಲ್ಲ, ಕಾನೂನಿನ ಪ್ರಶ್ನೆ ಕೇಳಿದಳು. 'ನನ್ನ ಗಂಡ ಮೊದಲು ತನ್ನನ್ನು ಸೋತನೋ, ಮೊದಲು ನನ್ನನ್ನು ಸೋತನೋ? ತಾನೇ ದಾಸನಾದ ಮೇಲೆ ನನ್ನನ್ನು ಪಣಕ್ಕಿಡೋಕೆ ಅವನು ಯಾರು?' ಅಷ್ಟು ದೊಡ್ಡ ಸಭೆ, ಅಷ್ಟು ಶಾಸ್ತ್ರ ಓದಿದವರು. ಉತ್ತರ ಇಲ್ಲ. ಭೀಷ್ಮ ಧರ್ಮದ ದಾರಿ ಸೂಕ್ಷ್ಮ ಅಂದು ಜಾರಿಕೊಂಡ. ಅವಳ ಪರ ಎದ್ದು ನಿಂತವನು ಕೌರವರಲ್ಲೇ ಒಬ್ಬನಾದ, ದುರ್ಯೋಧನನ ತಮ್ಮ ವಿಕರ್ಣ. ಅವನನ್ನೂ ಕರ್ಣ ಗದರಿಸಿ ಕೂರಿಸಿದ. ಈಗ ಹೇಳಿ, ಹಾಸ್ಯ ಬರೆಯುವವನಿಗೆ ಇದಕ್ಕಿಂತ ಬೇಕಾ? ಸುಲಭದ ಪ್ರಶ್ನೆಗೆ ಉತ್ತರ ಕೊಡಲಾರದೆ ಕಡತ ತಿರುವಿ ಹಾಕುವ ದೊಡ್ಡವರು, ಕಮಿಟಿ ಮಾಡೋಣ ಅನ್ನುವವರು, ಮುಂದಿನ ವಾರ ಬನ್ನಿ ಅನ್ನುವವರು. ಆ ಸಭೆಯನ್ನು ಹಾಗೆ ತೋರಿಸಿ, ಇಡೀ ಕರ್ನಾಟಕ ನಗುತ್ತೆ. ದ್ರೌಪದಿಯೂ ಅದೇ ಸ್ಟೇಜಿನ ಮೇಲೆ ತಲೆ ಎತ್ತಿ ನಿಂತಿರುತ್ತಾಳೆ.

ಇನ್ನೊಂದು ವಿಷಯ. ನಿಮ್ಮಲ್ಲಿ ಬಹಳ ಜನ ಬೇರೆ ಊರುಗಳಿಂದ ಬಂದು ಇಲ್ಲಿ ನೆಲೆ ನಿಂತವರು, ಅದಕ್ಕೇ ಹೇಳುತ್ತಿದ್ದೇನೆ. ನೀವು ಶೂಟಿಂಗ್ ಮಾಡುವ ಈ ಊರಿನಲ್ಲಿ ದ್ರೌಪದಿ ಬರೀ ನಾಟಕದ ಪಾತ್ರ ಅಲ್ಲ, ದೇವತೆ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಚೈತ್ರ ಹುಣ್ಣಿಮೆ ರಾತ್ರಿ ಕರಗ ಹೊರಡುತ್ತೆ. ಹೊರುವವರು ತಿಗಳ ಸಮುದಾಯದ ಗಂಡಸು. ಸೀರೆ ಉಟ್ಟು, ಬಳೆ ತೊಟ್ಟು, ತಲೆ ಮೇಲೆ ಮಲ್ಲಿಗೆಯ ಆ ಎತ್ತರದ ಕರಗ ಹೊತ್ತು ಬರುತ್ತಾರೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಪೇಟೆ ಬೀದಿಗಳಲ್ಲಿ ಜನ ನಿದ್ದೆಗೆಟ್ಟು ಕಾಯುತ್ತಾರೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾದ ಒಳಗೂ ಕರಗ ಹೋಗಿ ಬರುತ್ತೆ. ಅಲ್ಲೂ ಸೀರೆ ಉಟ್ಟಿರೋದು ಗಂಡಸೇ, ಪಾತ್ರವೂ ದ್ರೌಪದಿಯದೇ. ನೋಡಿದವರು ಕೈ ಮುಗಿಯುತ್ತಾರೆ. ಕರಗ ನೋಡದೆ ದ್ರೌಪದಿ ಸ್ಕಿಟ್ ಬರೆಯಬೇಡಿ ಅಂತ ನಾನು ಷರತ್ತು ಹಾಕುವಂತಿಲ್ಲ. ಆದರೂ ಒಂದು ಸಲ ನೋಡಿ ಬನ್ನಿ. ಬರೆಯುವ ಕೈ ಬದಲಾಗುತ್ತೆ ಅಂತ ನನಗೆ ನಂಬಿಕೆ ಇದೆ.

ದೇವರ ಜೊತೆ ನಗೋದನ್ನು ನಮಗೆ ಟಿವಿ ಕಲಿಸಲಿಲ್ಲ. ಅದು ನಮ್ಮಲ್ಲಿ ಹಳೇದು. ತೊಗಲು ಗೊಂಬೆಯಾಟದಲ್ಲಿ ರಾಮ, ರಾವಣರ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಅನ್ನುವ ಹಾಸ್ಯದ ಗೊಂಬೆಗಳು ಬರುತ್ತಾರೆ. ಅವರ ಮಾತು ಎಷ್ಟು ಪೋಲಿ ಅಂದರೆ ನಿಮ್ಮ ವಾಹಿನಿಯವರು ಪ್ರಸಾರ ಮಾಡೋಕೆ ಒಪ್ಪಲಾರರು. ಆದರೆ ಆ ಪೋಲಿತನ ಕಿಳ್ಳೇಕ್ಯಾತನದು, ರಾಮನ ಬಾಯಿಗೆ ಅದನ್ನು ತುರುಕಲಿಲ್ಲ. ದೊಡ್ಡಾಟದಲ್ಲಿ ಅಷ್ಟು ದೊಡ್ಡ ಕಿರೀಟ ಹಾಕಿಕೊಂಡು ಕುಣಿಯುತ್ತಾ ಬಂದ ರಾಜನನ್ನು ಸಾರಥಿ ತಡೆದು ನಿಲ್ಲಿಸಿ, ನೀನು ಯಾರು, ಎಲ್ಲಿಂದ ಬಂದೆ ಅಂತ ಕೇಳುತ್ತಾನೆ. ಯಕ್ಷಗಾನದ ಹಾಸ್ಯಗಾರ ಹಳ್ಳಿಯವನ ಮಾತಿನಲ್ಲಿ ದೇವೇಂದ್ರನ ಸಭೆಯ ಸುದ್ದಿಯನ್ನೇ ಎತ್ತುತ್ತಾನೆ. ಅದೇ ಹಾಸ್ಯಗಾರ ನಳನ ಕಥೆಯಲ್ಲಿ ಬಾಹುಕನಾದರೆ, ಅಂದರೆ ರೂಪ ಕೆಟ್ಟ ನಳನಾದರೆ, ಮೊದಲು ಸೊಟ್ಟ ಮೈಯಿಂದ ನಗಿಸಿ, ಆಮೇಲೆ ಅದೇ ಮೈಯಿಂದ ಅಳಿಸುತ್ತಾನೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ಈ ಆಟಗಳಲ್ಲೆಲ್ಲ ನಗಿಸುವವನನ್ನು ದೊಡ್ಡವರ ಪಕ್ಕದಲ್ಲಿ ನಿಲ್ಲಿಸಿದರು. ದೇವರು ದೇವರಾಗೇ ಇದ್ದ, ರಾಜ ರಾಜನಾಗೇ ಇದ್ದ. ಅದಕ್ಕೇ ಪಕ್ಕದಲ್ಲಿ ನಿಂತವನು ಕೇಳಿದ ಪ್ರಶ್ನೆಗೆ ಅಷ್ಟು ಬೆಲೆ ಬಂತು. ಟಿವಿಯಲ್ಲಿ ಆಗಿದ್ದೇ ಬೇರೆ. ಹಾಸ್ಯ ಮಾಡುವವನ ತಲೆಗೇ ಕಿರೀಟ ಇಟ್ಟುಬಿಟ್ಟರು. ಈಗ ಸ್ಟೇಜಿನ ಮೇಲೆ ಯಮನೂ ಇಲ್ಲ, ಕೃಷ್ಣನೂ ಇಲ್ಲ. ಯಮನ ಬಟ್ಟೆ ಹಾಕಿಕೊಂಡ ನಮ್ಮ ಪಕ್ಕದ ಮನೆಯವನು ಇದ್ದಾನೆ. ಪ್ರಶ್ನೆ ಕೇಳೋದು ಯಾರಿಗೆ?

ದೇವರನ್ನೇ ನೇರವಾಗಿ ನಗೆಪಾಟಲು ಮಾಡಿದ್ದೂ ನಮ್ಮಲ್ಲಿ ಉಂಟು, ಅದನ್ನು ಮರೆತು ನಾನು ಮಾತಾಡುತ್ತಿಲ್ಲ. ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತ ನೋಡಿ. ನಾರದ ಒಂದು ಹೂವು ತಂದುಕೊಟ್ಟ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿಸಿಕೊಂಡಳು. ಜಗತ್ತನ್ನೇ ಆಡಿಸುವವನು ಹೆಂಡತಿಯ ಮುನಿಸು ತೀರಿಸಲಾರದೆ ಕೊರವಂಜಿ ವೇಷ ಹಾಕಿಕೊಂಡು ಬರುತ್ತಾನೆ. ಇಡೀ ರಾತ್ರಿ ಜನ ನಗುತ್ತಾರೆ. ಕೌಜಲಗಿ ನಿಂಗಮ್ಮನವರಂಥ ಕಲಾವಿದೆ ಹೆಸರಾಗಿದ್ದು ಈ ಆಟದಿಂದಲೇ. ಈ ನಗುವಿನ ಒಳಗೆ ಏನಿದೆ? ಸತ್ಯಭಾಮೆಯ ಸಿಟ್ಟಿಗೆ ಕಾರಣ ಇದೆ. ಕೃಷ್ಣನ ಪೇಚಾಟಕ್ಕೂ ಕಾರಣ ಇದೆ. ಅವನು ಇಬ್ಬರನ್ನೂ ಸಮಾಧಾನ ಮಾಡೋಕೆ ಹೊರಟವನು. ಎರಡು ಮನೆ ತೂಗಿಸೋಕೆ ಹೋದ ಯಾವ ಗಂಡಸಿಗೂ ಆಗುವ ಪಾಡು ಕೃಷ್ಣನಿಗೂ ಆಯಿತು ಅನ್ನುವಾಗ ಕೃಷ್ಣ ಚಿಕ್ಕವನಾಗಲಿಲ್ಲ, ನಮ್ಮವನಾದ.

ಗೌರಿ ಹಬ್ಬದ ಸಮಯದಲ್ಲಿ ನಮ್ಮ ಅಜ್ಜಿಯರು ಹೇಳುತ್ತಿದ್ದ ಗಂಗೆ ಗೌರಿಯರ ಜಗಳದ ಹಾಡೂ ಹೀಗೇ. ಗಂಡ ತಲೆಯಲ್ಲಿ ಇನ್ನೊಬ್ಬಳನ್ನು ಬಚ್ಚಿಟ್ಟುಕೊಂಡಿದ್ದಾನೆ ಅಂತ ಗೌರಿ ಶಿವನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ವೈಷ್ಣವರ ಗುಡಿಗಳಲ್ಲಿ ಪ್ರಣಯ ಕಲಹೋತ್ಸವ ಅಂತಲೇ ಒಂದು ಸೇವೆ ಇದೆ, ಅಮ್ಮನವರ ಮುನಿಸು, ಸ್ವಾಮಿಯ ಸಮಜಾಯಿಷಿ ಎಲ್ಲ ಅರ್ಚಕರ ಬಾಯಲ್ಲೇ ನಡೆಯುತ್ತೆ. ಪುರಂದರದಾಸರು ದೇವರ ಮುಖಕ್ಕೇ 'ನೀನ್ಯಾಕೋ ನಿನ್ನ ಹಂಗ್ಯಾಕೋ' ಅಂದರು, ನಿನ್ನ ಹೆಸರೊಂದಿದ್ದರೆ ಸಾಕು ಅಂದರು. ಹತ್ತಿರದವರ ಹತ್ತಿರ ಮಾತ್ರ ಹಾಗೆ ಮಾತಾಡೋಕೆ ಆಗೋದು, ಅಲ್ವಾ?

ಕನಕದಾಸರ ರಾಮಧಾನ್ಯ ಚರಿತೆ ಶಾಲೆಯಲ್ಲಿ ಕೇಳಿದವರು ನಿಮ್ಮಲ್ಲೂ ಇರುತ್ತೀರಿ. ಅಕ್ಕಿಗೂ ರಾಗಿಗೂ ಜಗಳ. ಅಕ್ಕಿ, ತಾನು ಮೇಲಿನವರ ಅನ್ನ ಅಂತ ರಾಗಿಯನ್ನು ಹೀಯಾಳಿಸುತ್ತೆ. ರಾಗಿ ಬಿಡುತ್ತಾ? ನೀನು ಉಳ್ಳವರ ಕಡೆಯವನು, ಬಡವರನ್ನು ಕಣ್ಣೆತ್ತಿ ನೋಡದವನು ಅಂತ ತಿರುಗಿ ಬೀಳುತ್ತೆ. ನ್ಯಾಯ ರಾಮನ ಹತ್ತಿರ ಬರುತ್ತೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ತೆಗೆದು ನೋಡಿದರೆ ಅಕ್ಕಿ ಕೆಟ್ಟು ಸೊರಗಿದೆ, ರಾಗಿ ಇದ್ದ ಹಾಗೇ ಇದೆ. ಹದಿನಾರನೇ ಶತಮಾನದಲ್ಲಿ ಒಬ್ಬ ಕವಿ ರಾಮನನ್ನು ಕರೆತಂದು ಕೂರಿಸಿ, ಮೇಲು ಕೀಳು ಅನ್ನುವವರ ಸೊಕ್ಕು ಮುರಿದ. ನಗು ಬಿದ್ದಿದ್ದು ಯಾರ ಮೇಲೆ ನೋಡಿ. ರಾಗಿ ತಿನ್ನುವ ಬಡವನ ಮೇಲೆ ಅಲ್ಲ. ನನಗೆ ಇದಕ್ಕಿಂತ ಒಳ್ಳೆ ಸ್ಕಿಟ್ ಗೊತ್ತಿಲ್ಲ.

ಇನ್ನು ಕುಮಾರವ್ಯಾಸನ ಉತ್ತರ ಕುಮಾರ. ಹೆಂಗಸರ ಮುಂದೆ ಕೂತು, ಸಾರಥಿ ಒಬ್ಬ ಸಿಕ್ಕಿದ್ದರೆ ಭೀಷ್ಮ ದ್ರೋಣರನ್ನೆಲ್ಲ ಏನು ಮಾಡುತ್ತಿದ್ದೆ ಗೊತ್ತಾ ಅಂತ ಕೊಚ್ಚಿಕೊಂಡವನು, ಕೌರವ ಸೇನೆ ಕಣ್ಣಿಗೆ ಬಿದ್ದ ತಕ್ಷಣ ರಥದಿಂದ ಹಾರಿ ಓಡುತ್ತಾನೆ. ಬೃಹನ್ನಳೆ ವೇಷದ ಅರ್ಜುನ ಅವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತರಬೇಕಾಗುತ್ತೆ. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಈ ಭಾಗ ಓದುವಾಗ ಮಕ್ಕಳೂ ನಗುತ್ತವೆ. ಮೊಬೈಲ್ ಹಿಡಿದು ಯುದ್ಧ ಮಾಡುವ ಈ ಕಾಲಕ್ಕೆ ಉತ್ತರ ಕುಮಾರನಿಗಿಂತ ಸರಿಯಾದ ಪಾತ್ರ ಯಾವುದಿದೆ? ಟಿವಿಯಲ್ಲಿ ಅವನನ್ನು ನಾನು ನೋಡಿದ್ದೇ ಇಲ್ಲ. ನಮ್ಮ ಗುಬ್ಬಿ ವೀರಣ್ಣನವರೂ ಹಾಸ್ಯನಟರೇ. ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನು ಸ್ಟೇಜಿಗೆ ತಂದ ಕಂಪನಿಯ ಯಜಮಾನರೇ ಜನರನ್ನು ನಗಿಸುವ ಪಾತ್ರ ಮಾಡುತ್ತಿದ್ದರು. ಹಾಸ್ಯ ಅನ್ನೋದು ಅಷ್ಟು ದೊಡ್ಡ ಜವಾಬ್ದಾರಿ ಆಗಿತ್ತು.

ಟಿವಿಗೆ ಬರೋಣ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾನಂದ ಸಾಗರ್ ಅವರ ರಾಮಾಯಣ ಶುರುವಾದಾಗ ಜನ ಟಿವಿಗೇ ಹೂವಿನ ಹಾರ ಹಾಕಿ ಊದಿನಕಡ್ಡಿ ಹಚ್ಚುತ್ತಿದ್ದರು. 1988ರ ಅಕ್ಟೋಬರ್‌ನಲ್ಲಿ ಬಿ.ಆರ್. ಚೋಪ್ರಾ ಅವರ ಮಹಾಭಾರತ ಬಂತು. ಮೂರು ದಶಕ ಆಗುವುದರೊಳಗೆ ಅದೇ ದೇವರ ಪಾತ್ರಗಳು ಹಾಸ್ಯ ಧಾರಾವಾಹಿಗೂ ಬಂದವು. 2014ರಲ್ಲಿ ಹಿಂದಿಯ ಜೀ ಟಿವಿಯಲ್ಲಿ 'ನೀಲಿ ಛತ್ರಿ ವಾಲೆ' ಬಂತು. ಅದರಲ್ಲಿ ಶಿವ, ಸಂಸಾರದ ಜಂಜಾಟದಲ್ಲಿ ಸಿಕ್ಕಿದ ಒಬ್ಬ ಸಾಮಾನ್ಯ ಮನುಷ್ಯನ ಜೊತೆ ಮಾತಿಗೆ ನಿಲ್ಲುತ್ತಾನೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಸಬ್ ಟಿವಿಯಲ್ಲಿ 'ಯಮ್ ಹೈ ಹಮ್' ಶುರುವಾಯಿತು, ಯಮ, ಚಿತ್ರಗುಪ್ತ ಇಬ್ಬರೂ ಭೂಮಿಗೆ ಬಂದು ನಮ್ಮ ನಡುವೆ ಓಡಾಡುವ ಕಥೆ. ಇವೆರಡರಲ್ಲೂ ಒಂದು ಯೋಚನೆ ಇತ್ತು. ದೇವರು ಇವತ್ತಿನ ಮನೆಗೆ ಬಂದರೆ ಏನು ಕೇಳುತ್ತಾನೆ, ನಾವು ಏನು ಕೇಳುತ್ತೇವೆ ಅನ್ನೋದು ಕೇಳಬೇಕಾದ ಪ್ರಶ್ನೆಯೇ.

ವಾರಕ್ಕೊಂದು ಸ್ಕಿಟ್ ಬರೆಯುವ ನಿಮ್ಮ ಮೇಲೆ ಒತ್ತಡ ಜಾಸ್ತಿ ಇದೆ, ನನಗೆ ಅರ್ಥ ಆಗುತ್ತೆ. ಪರದೆ ಎದ್ದ ತಕ್ಷಣ ಯಾರು ಏನು ಅಂತ ಜನರಿಗೆ ಗೊತ್ತಾಗಬೇಕು. ದಪ್ಪ ಮೀಸೆ, ಗದೆ, ಹಗ್ಗ ಕಂಡರೆ ಸಾಕು, ಯಮ ಅಂತ ಮಗುವಿಗೂ ಗೊತ್ತಾಗುತ್ತೆ. ಹಾಗಾಗಿ ಯಮ ನಿಮಗೆ ಪದೇ ಪದೇ ಬೇಕಾಗುತ್ತಾನೆ. ಬಂದ ಯಮನಿಗೆ ನೀವು ಕೊಡುವ ಕೆಲಸ ಏನು? ದೊಡ್ಡ ಹೊಟ್ಟೆ, ಮುಖಕ್ಕೆ ಕಪ್ಪು ಬಣ್ಣ, ಯಮಲೋಕದಲ್ಲಿ ಐಟಂ ಡ್ಯಾನ್ಸ್, ಚಿತ್ರಗುಪ್ತನಿಗೆ ಏಟು. ಅಷ್ಟೇ.

ಯಮ ಯಾರು ಗೊತ್ತಾ? ನಚಿಕೇತ ಅನ್ನೋ ಹುಡುಗನಿಗೆ ಸಾವಿನ ಗುಟ್ಟು ಹೇಳಿಕೊಟ್ಟ ಗುರು. ಮಂತ್ರಿ ಬಂದರೂ ಕೂಲಿಯವನು ಬಂದರೂ ಒಂದೇ ಪುಸ್ತಕ ತೆರೆಯುವವನು. ಸಾವಿತ್ರಿ ಅವನ ಹಿಂದೆ ನಡೆದುಕೊಂಡೇ ಹೋಗಿ, ಒಂದೊಂದೇ ವರ ಕೇಳುತ್ತಾ, ಕೊನೆಗೆ ಸತ್ಯವಾನನಿಂದ ನನಗೆ ನೂರು ಮಕ್ಕಳಾಗಲಿ ಅಂದಳು. ಯಮ ತಥಾಸ್ತು ಅಂದುಬಿಟ್ಟ. ಗಂಡನೇ ಇಲ್ಲದೆ ಮಕ್ಕಳು ಹೇಗೆ ಸ್ವಾಮಿ ಅಂತ ಅವಳು ಕೇಳಿದಾಗ ಯಮನಿಗೆ ಬೇರೆ ದಾರಿ ಉಳಿಯಲಿಲ್ಲ. ಹೆಣ್ಣೊಬ್ಬಳು ಬರೀ ಮಾತಿನಿಂದ ಸಾವನ್ನೇ ಕಟ್ಟಿಹಾಕಿದ ಕಥೆ ಇದು. ನಗುವೂ ಇದೆ, ಯಮನ ದೊಡ್ಡತನವೂ ಇದೆ, ಯಾಕಂದರೆ ಸೋತೆ ಅಂತ ಒಪ್ಪಿಕೊಂಡವನು ಅವನು. ಇವತ್ತಿನದೇ ಬೇಕು ಅಂದರೆ, ಬೆಂಗಳೂರಿನ ರಸ್ತೆ ಗುಂಡಿಗೆ ಬಿದ್ದು ಸತ್ತ ಡೆಲಿವರಿ ಹುಡುಗ ಯಮನ ಮುಂದೆ ನಿಂತು, 'ಸ್ವಾಮಿ, ನನ್ನ ಆಯಸ್ಸು ಇನ್ನೂ ಇತ್ತಲ್ವಾ? ಪುಸ್ತಕ ನೋಡಿ' ಅಂದರೆ? ಚಿತ್ರಗುಪ್ತ ಪುಟ ತಿರುವಿ, ಇವನ ಸಾವು ನಮ್ಮ ಲೆಕ್ಕದಲ್ಲಿಲ್ಲ ಪ್ರಭೂ, ಗುತ್ತಿಗೆದಾರರ ಬಿಲ್ಲಿನಲ್ಲಿದೆ ಅಂದರೆ? ಅಂಥ ಸ್ಕಿಟ್ ಒಂದು ಬರಲಿ ಅಂತ ಕಾಯುತ್ತಿದ್ದೇನೆ.

ಕಪ್ಪು ಬಣ್ಣದ ಮಾತು ಬಂತು. ಹಿಡಿಂಬೆ, ಶೂರ್ಪನಖಿ, ಯಮ ಯಾರೇ ಬರಲಿ, ಮುಖಕ್ಕೆ ಮಸಿ ಬಳಿಯೋದು, ದಪ್ಪಗಿರುವ ಕಲಾವಿದರನ್ನೇ ಹುಡುಕಿ ತಂದು ಅವರ ಮೈಯನ್ನೇ ಹಾಸ್ಯ ಮಾಡೋದು ಬಿಡಿ. ಚೌತಿಯ ದಿನ ಚಂದ್ರನನ್ನು ನೋಡಬಾರದು ಅಂತ ನಮ್ಮ ಮನೆಗಳಲ್ಲಿ ಯಾಕೆ ಹೇಳುತ್ತಾರೆ? ಕಡುಬು ತಿಂದು ಬರುತ್ತಿದ್ದ ಗಣೇಶ ಇಲಿಯ ಮೇಲಿಂದ ಬಿದ್ದ, ಹೊಟ್ಟೆ ಒಡೆಯಿತು, ಹಾವನ್ನು ಕಟ್ಟಿಕೊಂಡು ಎದ್ದ. ಚಂದ್ರ ಆ ಹೊಟ್ಟೆ ನೋಡಿ ನಕ್ಕ. ಬಿದ್ದವನ ಮೈ ನೋಡಿ ನಕ್ಕಿದ್ದಕ್ಕೇ ಅವನಿಗೆ ಶಾಪ ಬಂದಿದ್ದು. ಪ್ರತಿ ವರ್ಷ ಮಕ್ಕಳಿಗೆ ಈ ಕಥೆ ಹೇಳುತ್ತೇವೆ.

ಈಗ ನನ್ನ ಹಾಗೇ ಸಿಟ್ಟಾಗಿರುವ ಪ್ರೇಕ್ಷಕರಿಗೂ ಒಂದು ಮಾತು. ಸ್ಕಿಟ್ ನೋಡಿ ಮನಸ್ಸಿಗೆ ನೋವಾಯಿತು ಅಂತ ಪೊಲೀಸ್ ಠಾಣೆಗೆ ಓಡಬೇಡಿ, ದಯವಿಟ್ಟು. ಹಳೆ ದಂಡ ಸಂಹಿತೆಯ 295ಎ, ಈಗಿನ ನ್ಯಾಯ ಸಂಹಿತೆಯ 299ನೇ ಕಲಂ ಇರೋದು ಬೇಕಂತಲೇ, ದುರುದ್ದೇಶದಿಂದ ಧರ್ಮವನ್ನು ಅವಮಾನಿಸುವವರಿಗೆ. 1957ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ತಿಳಿಯದೆ ಮಾಡಿದ ಕೆಟ್ಟ ಹಾಸ್ಯ ಕೆಟ್ಟ ಹಾಸ್ಯ ಅಷ್ಟೇ, ಅಪರಾಧ ಅಲ್ಲ. 2016ರ ಜನವರಿಯಲ್ಲಿ ಹಿಂದಿ ಟಿವಿಯ ಒಬ್ಬ ಹಾಸ್ಯನಟನನ್ನು, ಒಬ್ಬ ಬಾಬಾನ ಅನುಕರಣೆ ಮಾಡಿದ ಅಂತ ಹರಿಯಾಣದ ಪೊಲೀಸರು ಬಂಧಿಸಿದ್ದರು. ಮುಂದಿನ ವರ್ಷ ಅದೇ ಬಾಬಾ ಅತ್ಯಾಚಾರದ ಅಪರಾಧಿ ಅಂತ ಕೋರ್ಟು ತೀರ್ಪು ಕೊಟ್ಟಿತು. ಅವತ್ತು ಹಿಡಿದು ಒಳಗೆ ಹಾಕಿದ್ದು ಯಾರನ್ನು ಅಂತ ಯೋಚಿಸಿ. ದೂರು ಕೊಡಲೇಬೇಕು ಅನ್ನಿಸಿದರೆ ದಾರಿ ಇದೆ. 2021ರ ಕೇಬಲ್ ಟಿವಿ ನಿಯಮದ ಪ್ರಕಾರ ವಾಹಿನಿಗೇ ಬರೆದು ದೂರು ಕೊಡಬಹುದು, ಅವರು 15 ದಿನದೊಳಗೆ ಉತ್ತರ ಹೇಳಬೇಕು. ಸರಿಹೋಗದಿದ್ದರೆ ಅದರ ಮೇಲಿನ ಸಂಸ್ಥೆಗೆ ಹೋಗಬಹುದು. ಸಾಮಾನ್ಯ ಜನ ಇದನ್ನು ಬಳಸೋದೇ ಇಲ್ಲ.

ಕೇಸಿನ ಭಯ ಏನು ಮಾಡಿದೆ ಗೊತ್ತಾ? ಒಳ್ಳೆ ಹಾಸ್ಯವನ್ನೇ ಮೊದಲು ಕೊಂದಿದೆ. ರಾಮಧಾನ್ಯದ ಥರ ಜಾತಿಯ ಸೊಕ್ಕು ಕೆಣಕಿದರೆ ಯಾರೋ ಕೇಸು ಹಾಕುತ್ತಾರೆ. ಗುಂಡಿಯ ಲೆಕ್ಕ ಕೇಳಿದರೆ ಇನ್ಯಾರೋ ಫೋನು ಮಾಡುತ್ತಾರೆ. ಹೊಟ್ಟೆ ಅಲ್ಲಾಡಿಸಿದರೆ, ಸೀರೆ ಎಳೆದರೆ ಯಾರೂ ಕೇಳೋದಿಲ್ಲ. ಹಾಗಾಗಿ ಉಳಿದಿದ್ದು ಅದೇ. ಇದು ಬರೆಯುವವರೊಬ್ಬರ ತಪ್ಪಲ್ಲ, ನಿಮ್ಮ ಮೇಲೆ ಕೂತು ಸ್ಕ್ರಿಪ್ಟ್‌ಗೆ ಸೈ ಅನ್ನುವವರು ಇದನ್ನು ಓದಲಿ ಅಂತ ನನ್ನ ಆಸೆ.

ವಾಹಿನಿಯವರ ಹತ್ತಿರ ನಾನು ಕೇಳುವುದು ದೊಡ್ಡದೇನೂ ಅಲ್ಲ. ಡ್ಯಾನ್ಸ್ ಮಾಸ್ಟರ್‌ಗೆ, ಮೇಕಪ್‌ಗೆ, ಸೆಟ್ಟಿಗೆ ದುಡ್ಡು ಇಡುತ್ತೀರಿ. ಪುರಾಣದ ಸ್ಕಿಟ್ ಮಾಡುವ ವಾರ ಒಬ್ಬ ಯಕ್ಷಗಾನದ ಹಾಸ್ಯಗಾರರನ್ನೋ, ಪಾರಿಜಾತದ ಕಲಾವಿದೆಯನ್ನೋ, ಗಮಕಿಗಳನ್ನೋ ಬರಹಗಾರರ ಜೊತೆ ಕೂರಿಸಿ, ಅವರಿಗೂ ಸಂಭಾವನೆ ಕೊಡಿ. ಅವರ ಹತ್ತಿರ ಇರುವ ಹಾಸ್ಯ ನಿಮ್ಮ ಎಷ್ಟೋ ಸೀಸನ್‌ಗೆ ಆಗಿ ಮಿಗುತ್ತೆ. ವಸ್ತ್ರಾಪಹರಣವನ್ನು ಮಾತ್ರ ಗ್ಯಾಗ್ ಮಾಡಬೇಡಿ. ಆ ಸಭೆ ಬೇಕೇ ಬೇಕು ಅಂದರೆ ದ್ರೌಪದಿಯ ಪಾತ್ರವನ್ನು ಒಬ್ಬ ಒಳ್ಳೆ ನಟಿಗೆ ಕೊಟ್ಟು, ಆ ಪ್ರಶ್ನೆಯನ್ನು ಪೂರ್ತಿ ಕೇಳೋಕೆ ಬಿಡಿ. ಉತ್ತರ ಹೇಳಲಾರದ ದೊಡ್ಡವರ ಪಾತ್ರಗಳನ್ನು ನಿಮ್ಮ ಹಾಸ್ಯ ಕಲಾವಿದರಿಗೆ ಹಂಚಿ.

ಬರೆಯುವ ಹುಡುಗ ಹುಡುಗಿಯರಿಗೆ ಒಂದು ಕರೆ. ಕಲಾಕ್ಷೇತ್ರದಲ್ಲಿ ಕುರುಕ್ಷೇತ್ರ ಇದ್ದಾಗ ಬನ್ನಿ. ಶಕುನಿ ಬಂದಾಗ ಜನ ಹೇಗೆ ನಗುತ್ತಾರೆ ನೋಡಿ, ಬಣ್ಣದ ಮನೆಗೂ ಬನ್ನಿ, ಮೇಷ್ಟ್ರ ಹತ್ತಿರ ಮಾತಾಡಿ. ಏನು ಬೇಕಾದರೂ ಕೇಳಿ, ನಮಗೆ ಗೊತ್ತಿರುವುದನ್ನೆಲ್ಲ ಹೇಳಿಕೊಡುತ್ತೇವೆ.

ಇಂತಿ,
ಪೌರಾಣಿಕ ನಾಟಕಗಳ ಸ್ತ್ರೀ ಪಾತ್ರಧಾರಿ,
ಬೆಂಗಳೂರು